ಸಿ-ಕ್ಲಾಂಪ್: ಲೆಕ್ಕ ಹಾಕಿದ್ದು, ಎಳೆದು ನೋಡಿದ್ದು

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ತರಗತಿಗೆ ಆರನೆಯ ಸೆಮಿಸ್ಟರಿನಲ್ಲಿ ಒಂದು ಕಿರು ಪ್ರಾಜೆಕ್ಟ್ ಇತ್ತು. ಒಬ್ಬರಿಗೆ ಸ್ಕ್ರೂ ಜ್ಯಾಕ್, ಇನ್ನೊಬ್ಬರಿಗೆ ಕಪ್ಲಿಂಗ್ ಎಂದು ಹಂಚುತ್ತ ಬಂದು ನಾಲ್ವರ ನಮ್ಮ ತಂಡಕ್ಕೆ ಕೊಟ್ಟದ್ದು ಸಿ-ಕ್ಲಾಂಪ್, ಅಂದರೆ ಸಿ ಆಕಾರದ ಚೌಕಟ್ಟಿನ ಬಾಯಿಯಲ್ಲಿ ವಸ್ತುವನ್ನಿಟ್ಟು ಸ್ಕ್ರೂ ತಿರುಗಿಸಿ ಬಿಗಿಹಿಡಿಯುವ ಸಾಧನ. ಷರತ್ತುಗಳು ಹೀಗಿದ್ದವು: ಹಿಡಿಯುವ ಬಲ 5 ಕಿಲೋನ್ಯೂಟನ್ ಇರಬೇಕು, ಬಾಯಿ 100 ಮಿ.ಮೀ. ತೆರೆಯಬೇಕು, ಸ್ಕ್ರೂವಿನ ನಡುಗೆರೆಯಿಂದ ಚೌಕಟ್ಟಿನ ಬೆನ್ನಿನ ಒಳಮೈಗೆ 50 ಮಿ.ಮೀ. ಅಂತರವಿರಬೇಕು, ಒಟ್ಟು ತೂಕ ಎರಡು ಕೆ.ಜಿ. ಮೀರಬಾರದು, ಯೀಲ್ಡ್ ಆಗುವುದರ (ಭಾರ ತೆಗೆದರೂ ಲೋಹ ಮೊದಲಿನ ಆಕಾರಕ್ಕೆ ಮರಳದಂತಾಗುವುದರ) ವಿರುದ್ಧ ಫ್ಯಾಕ್ಟರ್ ಆಫ್ ಸೇಫ್ಟಿ, ಅಂದರೆ ಲೋಹ ತಾಳಬಲ್ಲದ್ದು ಅದರ ಮೇಲೆ ಬೀಳುವುದರ ಎಷ್ಟು ಪಟ್ಟು ಎಂಬುದು, 1.5ಕ್ಕಿಂತ ಕಡಿಮೆಯಾಗಬಾರದು. ಇವೆಲ್ಲಕ್ಕೂ ಮೇಲಾಗಿ, ಕಾಗದದ ಮೇಲೆ ಹಾಕಿದ ಪ್ರತಿಯೊಂದು ಲೆಕ್ಕವನ್ನೂ ಅಳೆದು ತೋರಿಸಬೇಕೆಂದು ಮೇಷ್ಟ್ರು ಹೇಳಿದ್ದರು. 5 ಕಿಲೋನ್ಯೂಟನ್ ಎಂದರೆ ಹತ್ತು ಚೀಲ ಸಿಮೆಂಟಿನ ಭಾರ. ಅಷ್ಟನ್ನು ಒಂದು ಕೈಯಿಂದ ತಿರುಗಿಸಿ ಹುಟ್ಟಿಸುವ ಸಾಧನವನ್ನು ಸುಲಭದ್ದೆಂದು ತರಗತಿಯವರೆಲ್ಲ ಏಕೆ ಭಾವಿಸಿದರೋ ತಿಳಿಯದು.

ಲೆಕ್ಕ ಆರಂಭಿಸುವ ಮೊದಲು ಪಿ.ಬಿ. ರಸ್ತೆಯ ಬದಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಒಂದು ಶೆಡ್ಡಿಗೆ ಹೋಗಿ, ಅಲ್ಲಿ ಕ್ಲಾಂಪುಗಳು ಹೇಗೆ ಬಳಕೆಯಾಗುತ್ತವೆ ಎಂಬುದನ್ನು ನೋಡಿದೆವು. ಚಾನೆಲ್‌ಗೆ ತಗಡನ್ನು ಒತ್ತಿ ಹಿಡಿದು ವೆಲ್ಡಿಂಗ್ ಟಾಕಾ ಹಾಕುವಾಗ ಪ್ರತಿ ಮೂಲೆಗೊಂದು ಕ್ಲಾಂಪ್ ಬೇಕು. ಗೋಡೆಗೆ ನೇತು ಹಾಕಿದ್ದ ಹಳೆಯ ಕ್ಲಾಂಪುಗಳಲ್ಲಿ ಕೆಲವುಗಳ ಬಾಯಿ ಓರೆಯಾಗಿ ತೆರೆದುಕೊಂಡಿತ್ತು. ಸ್ಕ್ರೂ ಇಳಿಸಿದರೆ ಅದರ ತುದಿ ಕೆಳಗಿನ ದವಡೆಯ ನಡುವಿಗೆ ಬರದೆ ಅಂಚಿಗೆ ಬರುತ್ತಿತ್ತು. ಕಾರಣ ಕೇಳಬೇಕಾಗಲಿಲ್ಲ. ನಾವು ನೋಡುತ್ತಿದ್ದಂತೆಯೇ ಕೆಲಸಗಾರರೊಬ್ಬರು ಹಿಡಿಕೆಗೆ ಒಂದು ತುಂಡು ನೀರಿನ ಪೈಪ್ ತೂರಿಸಿ ತಮ್ಮ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟರು. "ಕೈಯಾಗ ಎಷ್ಟಂತ ತಿರುಗಸ್ತಿ ತಮ್ಮಾ, ಪೈಪ್ ಹಾಕಿದ್ರ ಗಟ್ಟಿ ಕುಂದರತೈತಿ" ಎಂದರು. ಈ ಮಾತನ್ನು ನಾವು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆವಾದರೂ ಅದಕ್ಕೂ ನಮ್ಮ ಲೆಕ್ಕಕ್ಕೂ ಇರುವ ಸಂಬಂಧ ಆಗಿನ್ನೂ ಸ್ಪಷ್ಟವಾಗಿರಲಿಲ್ಲ.

ಚೌಕಟ್ಟಿಗೆ 16 ಮಿ.ಮೀ. ದಪ್ಪದ ಐಎಸ್ 2062 ದರ್ಜೆಯ ಮೈಲ್ಡ್ ಸ್ಟೀಲ್ ಪ್ಲೇಟನ್ನು ಆರಿಸಿಕೊಂಡೆವು. ಎಲ್ಲೆಡೆ ಸಿಗುತ್ತದೆ, ವೆಲ್ಡ್ ಆಗುತ್ತದೆ, ಯೀಲ್ಡ್ ಬಲ 250 ಮೆಗಾಪ್ಯಾಸ್ಕಲ್ (ಚದರ ಮಿ.ಮೀ.ಗೆ 250 ನ್ಯೂಟನ್) ಎಂದು ನಂಬಬಹುದು. ಮೊದಲ ಚಿತ್ರದಲ್ಲಿ ಬೆನ್ನಿನ ಅಗಲ 30 ಮಿ.ಮೀ. ಇತ್ತು. ಸ್ಕ್ರೂ ವಸ್ತುವನ್ನು ಕೆಳಕ್ಕೆ ಒತ್ತುತ್ತದೆ, ಅಷ್ಟೇ ಬಲ ಮೇಲಿನ ತೋಳನ್ನು ಮೇಲಕ್ಕೆ ನೂಕುತ್ತದೆ, ಇವೆರಡನ್ನೂ ಕೂಡಿಸಿ ಹಿಡಿಯುವುದು ಬೆನ್ನು. ಆ ಬಲ ಬೆನ್ನಿನ ನಡುವೆ ಹಾಯ್ದಿದ್ದರೆ ಸ್ಟ್ರೆಸ್ (ಚದರ ಮಿ.ಮೀ. ಲೋಹದ ಮೇಲೆ ಬೀಳುವ ಬಲ) ಬರೀ 10.4 ಮೆಗಾಪ್ಯಾಸ್ಕಲ್, ಅದನ್ನು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಆದರೆ ಬಲದ ಗೆರೆ ಬೆನ್ನಿನ ನಡುವಿನಿಂದ 65 ಮಿ.ಮೀ. ದೂರದಲ್ಲಿರುವುದರಿಂದ ಬೆನ್ನು ಬಾಗುತ್ತದೆ, ಆ ಬಾಗುವಿಕೆಯೊಂದರಿಂದಲೇ 135 ಮೆಗಾಪ್ಯಾಸ್ಕಲ್ ಹುಟ್ಟುತ್ತದೆ. ಎರಡೂ ಕೂಡಿ ಒಳಮೈಯಲ್ಲಿ 146. ಸಿ-ಕ್ಲಾಂಪಿನಲ್ಲಿ ಹಾಕುವ ಕಬ್ಬಿಣದ ಬಹುಪಾಲು ಹಿಡಿಯುವ ಬಲಕ್ಕಾಗಿ ಅಲ್ಲ, ಆ 65 ಮಿ.ಮೀ. ದೂರಕ್ಕಾಗಿ ಖರ್ಚಾಗುತ್ತದೆ. ಬಾಯಿ ಎಷ್ಟು ಎತ್ತರವಿದ್ದರೂ ಈ ಸಂಖ್ಯೆ ಬದಲಾಗುವುದಿಲ್ಲ. ಒಳಕ್ಕೆ ಎಷ್ಟು ಆಳ ಚಾಚಬೇಕೆಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಬೆನ್ನಿನ ಮಟ್ಟಿಗೆ ಫ್ಯಾಕ್ಟರ್ ಆಫ್ ಸೇಫ್ಟಿ 1.7 ಬಂತು. ಅನಂತರ ಮೂಲೆಯ ಸರದಿ. ಬೆನ್ನಿನಿಂದ ತೋಳಿಗೆ ತಿರುಗುವ ಒಳಮೂಲೆಗೆ ನಾವು 10 ಮಿ.ಮೀ. ತ್ರಿಜ್ಯ ಕೊಟ್ಟಿದ್ದೆವು. ನೇರ ತೊಲೆಗೆ ಬಳಸುವ ಸೂತ್ರ ಇಲ್ಲಿ ಸಲ್ಲದು. ಬಾಗಿದ ತೊಲೆಯ ಒಳಬದಿಯಲ್ಲಿ ಲೋಹದ ಎಳೆಗಳು ಗಿಡ್ಡವಾಗಿರುತ್ತವೆ. ಹೊರಬದಿಯ ಉದ್ದನೆಯ ಎಳೆಗಳಷ್ಟೇ ಕೋನ ಅವೂ ತಿರುಗಬೇಕಾದ್ದರಿಂದ ಉದ್ದಕ್ಕೆ ಹೋಲಿಸಿದರೆ ಅವುಗಳ ಹಿಗ್ಗುವಿಕೆ ಹೆಚ್ಚು. ಹೀಗಾಗಿ ಬಾಗುವಾಗ ಹಿಗ್ಗದೆ ಕುಗ್ಗದೆ ಉಳಿಯುವ ಗೆರೆ, ಅಂದರೆ ನ್ಯೂಟ್ರಲ್ ಅಕ್ಷ, ಒಳಕ್ಕೆ ಸರಿಯುತ್ತದೆ, ಸ್ಟ್ರೆಸ್ ಒಳ ಅಂಚಿನಲ್ಲಿ ಗುಡ್ಡೆ ಬೀಳುತ್ತದೆ. ಬಾಗಿದ ತೊಲೆಗಳಿಗೆಂದೇ ಇರುವ ವಿಂಕ್ಲರ್–ಬಾಕ್ ಸೂತ್ರ ಹಾಕಿ ನೋಡಿದರೆ, ಬೆನ್ನು ತಿರುವಿಗೆ ಸೇರುವಲ್ಲಿ 245 ಮೆಗಾಪ್ಯಾಸ್ಕಲ್. ಯೀಲ್ಡ್‌ಗೆ ಬಾಕಿ ಉಳಿದದ್ದು ಐದೇ ಮೆಗಾಪ್ಯಾಸ್ಕಲ್. ಅದೇ ಬಲ, ಅದೇ ಅಗಲ, ಅದೇ ಪ್ಲೇಟು; ಬೆನ್ನಿನಲ್ಲಿ 146 ಇದ್ದದ್ದು ಮೂಲೆಗೆ ಬಂದಾಗ ಒಂದೂವರೆ ಪಟ್ಟಿಗೂ ಮೀರಿತ್ತು.

ತ್ರಿಜ್ಯವನ್ನು 20ಕ್ಕೆ ಏರಿಸಿದಾಗ ಅದು 201ಕ್ಕೆ ಇಳಿಯಿತು, ಅದೂ ಸಾಲದು. ಬೆನ್ನಿನ ಅಗಲವನ್ನೂ 35 ಮಾಡಿದಾಗ ಮೂಲೆಯಲ್ಲಿ 161, ನೇರ ಬೆನ್ನಿನ ಒಳಮೈಯಲ್ಲಿ 112 ಬಂತು. ಫ್ಯಾಕ್ಟರ್ ಆಫ್ ಸೇಫ್ಟಿ 1.56. ಇನ್ನೂ ದೊಡ್ಡ ತ್ರಿಜ್ಯ ಕೊಡಬಹುದಿತ್ತಾದರೂ ಆಗ ಮೂಲೆಯಲ್ಲಿ ಲೋಹ ತುಂಬಿಕೊಂಡು, ಹಿಡಿಯಬೇಕಾದ ಚೌಕ ವಸ್ತುವಿನ ಅಂಚು ಒಳಕ್ಕೆ ಹೋಗದೆ ತಡೆಯುತ್ತದೆ. ಮಾರುಕಟ್ಟೆಯ ಎರಕದ ಕ್ಲಾಂಪುಗಳಲ್ಲಿ ಬೆನ್ನಿನ ಛೇದವನ್ನು ಟಿ ಆಕಾರದಲ್ಲಿಟ್ಟು, ಹೆಚ್ಚು ಲೋಹವನ್ನು ಒಳಬದಿಗೇ ಕೊಟ್ಟಿರುವುದರ ಹಿಂದಿನ ಲೆಕ್ಕವೂ ಇದೇ. ಪ್ಲೇಟಿನಿಂದ ಕತ್ತರಿಸುವ ನಮಗೆ ಆ ಸೌಲಭ್ಯವಿರಲಿಲ್ಲ.

ಫ್ರೀಕ್ಯಾಡ್‌ನಲ್ಲಿ ಮಾಡಿದ ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯ (ಚೌಕಟ್ಟನ್ನು ಸಣ್ಣ ತುಂಡುಗಳ ಜಾಲವಾಗಿ, ಅಂದರೆ ಮೆಶ್ ಆಗಿ ಒಡೆದು ಕಂಪ್ಯೂಟರಿನಲ್ಲಿ ಹಾಕುವ ಲೆಕ್ಕದ) ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೆಶ್ ಸಣ್ಣದು ಮಾಡುತ್ತ ಹೋದಂತೆ ಒಳಮೂಲೆಯ ಸ್ಟ್ರೆಸ್ 155ರ ಸುತ್ತ ಬಂದು ನಿಂತಿತು, ಕೈಲೆಕ್ಕಕ್ಕೆ ಹತ್ತಿರ. ಬಾಸ್ (ಸ್ಕ್ರೂ ಹಾಯುವ ದಪ್ಪ ಗುಂಡು ತುಂಡು) ಮತ್ತು ತೋಳು ಸೇರುವ ಚೂಪು ಸಂದಿನಲ್ಲಿ ಮಾತ್ರ ಅದು ನಿಲ್ಲದೆ ಏರುತ್ತಲೇ ಇತ್ತು. ಗಣಿತದಲ್ಲಿ ತ್ರಿಜ್ಯವೇ ಇಲ್ಲದ ಸಂದಿಗೆ ಹಾಗಾಗುವುದು ಸಹಜ; ಅಲ್ಲಿ ಕಾಣುವ ಕೆಂಪು ಬಣ್ಣಕ್ಕೆ ಹೆದರಿ ಲೋಹ ಸೇರಿಸುವವರೂ, ಅದನ್ನೇ ಗರಿಷ್ಠ ಸ್ಟ್ರೆಸ್ ಎಂದು ವರದಿಯಲ್ಲಿ ಬರೆಯುವವರೂ ಇದ್ದಾರೆ. ಬಣ್ಣದ ಚಿತ್ರ ನೋಡಿದ ಕೂಡಲೇ ಲೆಕ್ಕ ಮುಗಿಯಿತೆಂದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ.

ಸ್ಕ್ರೂವಿನ ವಿಷಯದಲ್ಲಿ ನಾವು ಪಠ್ಯಪುಸ್ತಕದಂತೆ ಚೌಕ ಹಲ್ಲಿನ ಅಥವಾ ಟ್ರಪಿಜಾಯ್ಡಲ್ (ಬುಡ ಅಗಲ, ತುದಿ ಕಿರಿದಾದ ಹಲ್ಲಿನ) ಥ್ರೆಡ್ ಬೇಕೆಂದು ಹೊರಟಿದ್ದೆವು. ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಚಿತ್ರವನ್ನು ನೋಡಿ, "ಹೊರಗಿನ ಥ್ರೆಡ್ಡು ನಾನು ಲೇತ್‌ನಾಗೆ ಹಾಕಿಸ್ತೀನ್ರಪ್ಪ, ಹನ್ನೆರಡು ಎಂಎಂ ತೂತಿನ ಒಳಗೆ ಚೌಕದ ಥ್ರೆಡ್ಡು ಯಾರ್ ಹಾಕ್ತೀರಿ?" ಎಂದು ಕೇಳಿದರು. ಅಂಥ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ನಮ್ಮ ಟೂಲ್ ಕ್ರಿಬ್‌ನಲ್ಲಿರಲಿಲ್ಲ. 16 ಮಿ.ಮೀ. ವ್ಯಾಸದ ಸಾಮಾನ್ಯ ಥ್ರೆಡ್ಡಿನ, ಅಂದರೆ ಎಂ16ರ, ಟ್ಯಾಪಿನ ಮೂರರ ಸೆಟ್ ಇತ್ತು. ಹಾಗಾಗಿ ಎರಡನ್ನೂ ಲೆಕ್ಕ ಹಾಕಿದೆವು. ಘರ್ಷಣೆಯ ಗುಣಾಂಕ 0.15 ಎಂದಿಟ್ಟುಕೊಂಡರೆ, 16 ಮಿ.ಮೀ. ವ್ಯಾಸದ, ಒಂದು ಸುತ್ತಿಗೆ 4 ಮಿ.ಮೀ. ಸರಿಯುವ, ಅಂದರೆ 4 ಮಿ.ಮೀ. ಪಿಚ್‌ನ ಟ್ರಪಿಜಾಯ್ಡಲ್ ಥ್ರೆಡ್‌ಗೆ 5 ಕಿಲೋನ್ಯೂಟನ್ ಹುಟ್ಟಿಸಲು 8.7 ನ್ಯೂಟನ್-ಮೀಟರ್ ಟಾರ್ಕ್ (ತಿರುಚುಬಲ) ಬೇಕು, 2 ಮಿ.ಮೀ. ಪಿಚ್‌ನ ಸಾಮಾನ್ಯ ಎಂ16ಕ್ಕೆ 8.0 ಸಾಕು. ದಕ್ಷತೆ ಮೊದಲನೆಯದರಲ್ಲಿ ಶೇ. 36, ಎರಡನೆಯದರಲ್ಲಿ ಶೇ. 20. ದಕ್ಷತೆ ಕಡಿಮೆಯಾದರೂ ಟಾರ್ಕ್ ಹೆಚ್ಚಾಗಲಿಲ್ಲ, ಏಕೆಂದರೆ ಪಿಚ್ ಅರ್ಧಕ್ಕಿಳಿದಿದೆ. ಆ ವ್ಯತ್ಯಾಸವನ್ನು ನಾವು ತೆರುವುದು ಸುತ್ತುಗಳಲ್ಲಿ. ಬಾಯಿಯನ್ನು 50 ಮಿ.ಮೀ. ಮುಚ್ಚಲು ಹನ್ನೆರಡೂವರೆ ಸುತ್ತಿನ ಬದಲು ಇಪ್ಪತ್ತೈದು ಸುತ್ತು ಹಾಕಬೇಕು. ಥ್ರೆಡ್ ಬೇಗ ಸವೆಯುತ್ತದೆ ಎಂಬುದೂ ನಿಜ. ಆದರೂ ಟ್ಯಾಪ್ ಕೈಯಲ್ಲಿದ್ದಾಗ ಎಂ16 ಬಿಟ್ಟು ಬೇರೆಯದಕ್ಕೆ ಹೋಗುವುದು ಹಟವೇ ಹೊರತು ಡಿಸೈನ್ ಅಲ್ಲ. ಎರಡೂ ಥ್ರೆಡ್‌ಗಳ ದಕ್ಷತೆ ಶೇ. 50ಕ್ಕಿಂತ ಕಡಿಮೆ ಇರುವುದರಿಂದ ಕೈ ಬಿಟ್ಟರೂ ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗದು. ಕ್ಲಾಂಪಿಗೆ ಬೇಕಾದದ್ದು ಅದೇ.

ಸ್ಕ್ರೂವಿನ ತುದಿ, ವಸ್ತುವನ್ನು ಒತ್ತುವ ಪ್ಯಾಡಿನೊಳಗೆ ಉಜ್ಜುವುದಕ್ಕೂ ಟಾರ್ಕ್ ಬೇಕು. ಅದರ ಸರಾಸರಿ ತ್ರಿಜ್ಯ 4 ಮಿ.ಮೀ. ಎಂದು ಹಿಡಿದಾಗ 3 ನ್ಯೂಟನ್-ಮೀಟರ್ ಸೇರಿ ಒಟ್ಟು 11 ಆಯಿತು. 110 ಮಿ.ಮೀ. ಹಿಡಿಕೆಯ ತುದಿಯಲ್ಲಿ 100 ನ್ಯೂಟನ್, ಅಂದರೆ ಸುಮಾರು ಹತ್ತು ಕೆ.ಜಿ.ಯಷ್ಟು ಬಲ ಹಾಕಿದರೆ ಸಾಕು.

ಒಂದೇ ಪ್ಲೇಟಿನಿಂದ ಎರಡು ಚೌಕಟ್ಟುಗಳನ್ನು ಗ್ಯಾಸ್ ಕಟಿಂಗ್ ಮಾಡಿಸಿದೆವು. ಒಂದನ್ನು ಹಾಳು ಮಾಡಲು, ಒಂದನ್ನು ಉಳಿಸಿಕೊಳ್ಳಲು. ಕತ್ತರಿಸಿದ ಅಂಚಿನಲ್ಲಿ ಜ್ವಾಲೆ ಬಿಟ್ಟ ಗೀರುಗಳು ಪ್ಲೇಟಿನ ದಪ್ಪದುದ್ದಕ್ಕೂ, ಅಂದರೆ ಒಳಮೂಲೆಯ ಎಳೆತಕ್ಕೆ ಅಡ್ಡವಾಗಿ ಇರುತ್ತವೆ. ಪ್ರತಿಯೊಂದು ಗೀರೂ ಒಂದು ಸಣ್ಣ ಕಚ್ಚು. ಅವನ್ನು ಅರ್ಧಗೋಲದ ಅರದಿಂದ ಉಜ್ಜಿ ತೆಗೆದು, ಮೇಲೆ ಎಮರಿ ಕಾಗದವನ್ನು ಅಂಚಿನ ಉದ್ದಕ್ಕೇ ಎಳೆದು ನಯ ಮಾಡಿದೆವು. ಮೇಲಿನ ತೋಳಿನ ತುದಿಗೆ 32 ಮಿ.ಮೀ. ರೌಂಡ್‌ನಿಂದ ಕತ್ತರಿಸಿದ ಬಾಸ್ ವೆಲ್ಡ್ ಆಯಿತು. ತೂತು ಕೊರೆದು ಆಮೇಲೆ ವೆಲ್ಡ್ ಮಾಡಿದರೆ ಶಾಖಕ್ಕೆ ತೋಳು ಎಳೆದುಕೊಂಡು ಸ್ಕ್ರೂ ಓರೆಯಾಗುತ್ತದೆ. ಆದ್ದರಿಂದ ವೆಲ್ಡ್ ತಣಿದ ಮೇಲೆಯೇ ಚೌಕಟ್ಟನ್ನು ಆಂಗಲ್ ಪ್ಲೇಟಿಗೆ ಕಟ್ಟಿ 14 ಮಿ.ಮೀ. ಡ್ರಿಲ್ ಹಾಯಿಸಿ, ಅದೇ ಸೆಟ್ಟಿಂಗಿನಲ್ಲಿ ಡ್ರಿಲ್ ಚಕ್ಕಿಗೆ ಸೆಂಟರ್ ಹಾಕಿ ಟ್ಯಾಪಿನ ಹಿಂಬದಿಗೆ ಆನಿಸಿಕೊಂಡು ಕೈಯಿಂದ ಟ್ಯಾಪ್ ತಿರುಗಿಸಿದೆವು. ಸ್ಕ್ರೂವನ್ನು ಇಎನ್8 ದರ್ಜೆಯ ಉಕ್ಕಿನ ಸರಳಿನಿಂದ ಟರ್ನ್‌ಮಾಸ್ಟರ್ ಲೇತ್‌ನಲ್ಲಿ ಮಾಡಿದೆವು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದರೂ ಅಲ್ಲಿ ತಯಾರಾದ ಲೇತ್ ಈ ಭಾಗದ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಲೇ ಇದೆ. ಟಾರ್ಕ್ ರೆಂಚ್ ಕೂರಲೆಂದು ಸ್ಕ್ರೂವಿನ ತಲೆಯನ್ನು 19 ಮಿ.ಮೀ. ಷಡ್ಭುಜ ಮಾಡಿಟ್ಟು, ಹಿಡಿಕೆಯ ತೂತನ್ನು ಕೊರೆಯದೆ ಹಾಗೆಯೇ ಬಿಟ್ಟೆವು.

ಬೆನ್ನಿನ ನಡುಭಾಗದಲ್ಲಿ ಒಳಮೈಗೊಂದು, ಹೊರಮೈಗೊಂದು ಸ್ಟ್ರೈನ್ ಗೇಜ್ (ಲೋಹದ ಹಿಗ್ಗು-ಕುಗ್ಗನ್ನು ಅಳೆಯುವ ತೆಳು ಪಟ್ಟಿ) ಅಂಟಿಸಿದೆವು. ಎಮರಿಯಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಸೂಪರ್ ಗ್ಲೂ ಹನಿಯ ಮೇಲೆ ಗೇಜನ್ನು ಹೆಬ್ಬೆರಳಿನಿಂದ ಅದುಮಿ ಹಿಡಿಯುವ ಆ ಒಂದು ನಿಮಿಷದಲ್ಲಿ ಬೆರಳು ಜರುಗಿದರೆ ಗೇಜು ಹೋಯಿತು. ಏಪ್ರಿಲ್ ತಿಂಗಳ ದಾವಣಗೆರೆಯ ಸೆಕೆಯಲ್ಲಿ ಮತ್ತೊಂದು ತೊಡಕು ಎದುರಾಯಿತು. ಭಾರವೇ ಇಲ್ಲದಿದ್ದರೂ ಸ್ಟ್ರೈನ್ ಓದುವಿಕೆ ಮೆಲ್ಲಗೆ ಏರುತ್ತಿತ್ತು. ಕಬ್ಬಿಣ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 12 ಮೈಕ್ರೋಮೀಟರ್ ಹಿಗ್ಗುತ್ತದೆ. ಕಿಟಕಿಯಿಂದ ಬಿಸಿಲು ಬಿದ್ದ ಚೌಕಟ್ಟು ನಾಲ್ಕೈದು ಡಿಗ್ರಿ ಏರಿದರೆ, ಅಳೆಯಬೇಕಾದದ್ದರ ಹತ್ತನೇ ಒಂದು ಭಾಗದಷ್ಟು ಸುಳ್ಳು ಸೇರಿಕೊಳ್ಳುತ್ತದೆ. ಅದೇ ಪ್ಲೇಟಿನ ಒಂದು ತುಂಡಿಗೆ ಇನ್ನೊಂದು ಗೇಜ್ ಅಂಟಿಸಿ, ಭಾರ ಹಾಕದೆ ಪಕ್ಕದಲ್ಲಿಟ್ಟು, ಗೇಜುಗಳನ್ನು ಹೋಲಿಸಿ ಓದುವ ಬ್ರಿಡ್ಜ್ ಸರ್ಕ್ಯೂಟಿನ ಪಕ್ಕದ ಕೈಗೆ ಜೋಡಿಸಿದ ಮೇಲೆ ಓದುವಿಕೆ ನಿಂತಿತು.

ದವಡೆಗಳ ನಡುವೆ ಬಲ ಅಳೆಯುವ ಲೋಡ್ ಸೆಲ್ ಇಟ್ಟು ಸ್ಕ್ರೂ ಬಿಗಿಸುತ್ತ ಬಂದೆವು. ಲೆಕ್ಕದ ಪ್ರಕಾರ 5 ಕಿಲೋನ್ಯೂಟನ್‌ಗೆ ಒಳಮೈಯಲ್ಲಿ 561 ಮೈಕ್ರೋಸ್ಟ್ರೈನ್ (ಮೀಟರಿಗೆ 561 ಮೈಕ್ರೋಮೀಟರ್) ಹಿಗ್ಗುವಿಕೆ, ಹೊರಮೈಯಲ್ಲಿ 472 ಕುಗ್ಗುವಿಕೆ ಬರಬೇಕು. ಬಂದದ್ದು 545 ಮತ್ತು 460. ಈ ಎರಡು ಸಂಖ್ಯೆಗಳಿಂದ ಇನ್ನೊಂದು ವಿಷಯ ತಿಳಿಯುತ್ತದೆ: ಚಿಹ್ನೆ ಸಹಿತ ಕೂಡಿಸಿ ಅರ್ಧ ಮಾಡಿದರೆ ನೇರ ಎಳೆತದ ಪಾಲು, ಕಳೆದು ಅರ್ಧ ಮಾಡಿದರೆ ಬಾಗುವಿಕೆಯ ಪಾಲು. ನಮಗೆ ಸಿಕ್ಕದ್ದು 8.5 ಮತ್ತು 100 ಮೆಗಾಪ್ಯಾಸ್ಕಲ್, ಕಾಗದದಲ್ಲಿದ್ದದ್ದು 8.9 ಮತ್ತು 103. ಡಯಲ್ ಗೇಜಿನಲ್ಲಿ ಬಾಯಿ 0.41 ಮಿ.ಮೀ. ತೆರೆದುಕೊಂಡಿತ್ತು, ಲೆಕ್ಕ ಹೇಳಿದ್ದು 0.36. ತುದಿಯ ಕಡೆಗೆ ತೋಳು ಕಿರಿದಾಗಿರುವುದನ್ನು ನಮ್ಮ ಲೆಕ್ಕ ಗಣಿಸಿರಲಿಲ್ಲವಾದ್ದರಿಂದ ಈ ವ್ಯತ್ಯಾಸ ನಿರೀಕ್ಷಿತವೇ.

ಚೌಕಟ್ಟು ಹೀಗೆ ಹೇಳಿದ ಮಾತು ಕೇಳಿತು. ಕೇಳದೆ ಹೋದದ್ದು ಸ್ಕ್ರೂ. ಒಣ ಥ್ರೆಡ್‌ನಲ್ಲಿ ಟಾರ್ಕ್ ರೆಂಚ್ 11 ನ್ಯೂಟನ್-ಮೀಟರ್ ತೋರಿಸಿದಾಗ ಲೋಡ್ ಸೆಲ್‌ನಲ್ಲಿದ್ದದ್ದು 3.9 ಕಿಲೋನ್ಯೂಟನ್. ಎರಡು ಹನಿ ಎಣ್ಣೆ ಬಿಟ್ಟಾಗ ಅದೇ ಟಾರ್ಕ್‌ಗೆ 5ರ ಆಸುಪಾಸು. ಗ್ರೀಸ್ ಬಳಿದಾಗ 6. ಘರ್ಷಣೆಯ ಗುಣಾಂಕ 0.2ರಿಂದ 0.15ಕ್ಕೆ, ಅಲ್ಲಿಂದ 0.12ಕ್ಕೆ ಇಳಿದರೆ ಸೂತ್ರವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಅಂದರೆ ಅದೇ ಕೈ, ಅದೇ ಹಿಡಿಕೆ, ಅದೇ ಬಲ. ನಡುವೆ ಇರುವ ಜಿಡ್ಡೊಂದು ಬದಲಾದರೆ ಹಿಡಿತ ಒಂದೂವರೆ ಪಟ್ಟು ಬದಲಾಗುತ್ತದೆ. ಚೌಕಟ್ಟಿನ ಸ್ಟ್ರೆಸ್ಸನ್ನು ನಾವು ಶೇಕಡಾ ಮೂರರ ಅಂತರದಲ್ಲಿ ಊಹಿಸಿದ್ದೆವು, ಆದರೆ ಆ ಸ್ಟ್ರೆಸ್ಸಿಗೆ ಕಾರಣವಾದ ಬಲ ಮಾತ್ರ ಬಳಸುವವನ ಎಣ್ಣೆ ಡಬ್ಬಿಯನ್ನು ಅವಲಂಬಿಸಿತ್ತು. ಗ್ರೀಸ್ ಬಳಿದ 6 ಕಿಲೋನ್ಯೂಟನ್‌ನಲ್ಲಿ ನಮ್ಮ 1.56 ಎಂಬ ಫ್ಯಾಕ್ಟರ್ 1.3ಕ್ಕೆ ಇಳಿಯುತ್ತದೆ.

ಟಿಪ್ಪಣಿ ಪುಸ್ತಕದಲ್ಲಿದ್ದ ಪೈಪಿನ ಮಾತಿಗೆ ಈಗ ಅರ್ಥ ಬಂತು. ಎಣ್ಣೆ ಹಾಕಿದ ಸ್ಕ್ರೂವಿನ ಹಿಡಿಕೆಗೆ ಒಂದಡಿ ಪೈಪ್ ತೂರಿಸಿ ಅದೇ 100 ನ್ಯೂಟನ್ ಹಾಕಿದರೆ ಟಾರ್ಕ್ 30 ನ್ಯೂಟನ್-ಮೀಟರ್, ಬಲ 13 ಕಿಲೋನ್ಯೂಟನ್‌ಗೂ ಹೆಚ್ಚು. ಮೂಲೆ 7.8ಕ್ಕೆ, ಇಡೀ ಬೆನ್ನು 11ಕ್ಕೆ ಯೀಲ್ಡ್ ಆಗತೊಡಗುವ ಚೌಕಟ್ಟು ಇದನ್ನು ತಾಳದು. ನಮ್ಮ ಚಿತ್ರದಲ್ಲಿದ್ದ ಹಿಡಿಕೆಯ ವ್ಯಾಸ 12 ಮಿ.ಮೀ.; ಅದು ಬಾಗತೊಡಗುವುದು 42 ನ್ಯೂಟನ್-ಮೀಟರ್ ದಾಟಿದ ಮೇಲೆ. ಹಿಡಿಕೆ ಗಟ್ಟಿಯಾಗಿದ್ದಷ್ಟೂ ಕ್ಲಾಂಪ್ ಒಳ್ಳೆಯದೆಂದು ಅಂಗಡಿಯಲ್ಲಿ ನೋಡಿದವರಿಗೆ ಅನ್ನಿಸುತ್ತದೆ, ನಮ್ಮಲ್ಲೂ ಅದೇ ಎಣಿಕೆ ಇತ್ತು. ಆದರೆ ಬಲಪ್ರಯೋಗವಾದಾಗ ಮೊದಲು ಸೋಲಬೇಕಾದ ಭಾಗ ಎಲ್ಲಕ್ಕಿಂತ ಅಗ್ಗದ್ದೂ ಬದಲಿಸಲು ಸುಲಭವಾದದ್ದೂ ಆಗಿರಬೇಕು. 8 ಮಿ.ಮೀ. ಮೈಲ್ಡ್ ಸ್ಟೀಲ್ ಸರಳಿನ ಹಿಡಿಕೆ 12.6 ನ್ಯೂಟನ್-ಮೀಟರ್‌ಗೆ ಯೀಲ್ಡ್ ಆಗತೊಡಗಿ 21ರ ಹೊತ್ತಿಗೆ ಪೂರ್ತಿ ಮಡಚಿಕೊಳ್ಳಬೇಕು. ಕೆಲಸಕ್ಕೆ ಬೇಕಾದ 11ನ್ನು ಅದು ತಡೆಯುತ್ತದೆ. ಕೊರೆಯದೆ ಬಿಟ್ಟಿದ್ದ ತಲೆಯಲ್ಲಿ 8 ಮಿ.ಮೀ. ಸರಳಿಗೇ ತೂತು ಹಾಕಿದೆವು.

ಹಾಳು ಮಾಡಲೆಂದಿದ್ದ ಚೌಕಟ್ಟನ್ನು ಯುಟಿಎಂಗೆ, ಅಂದರೆ ವಸ್ತುಗಳನ್ನು ಎಳೆದು ಪರೀಕ್ಷಿಸುವ ಯಂತ್ರಕ್ಕೆ, ಏರಿಸಿದ್ದು ಅನಂತರ. ಬಾಸ್‌ಗೆ ಎಂ16 ಥ್ರೆಡ್ ಸರಳನ್ನು ಹೊರಗಿನಿಂದ ತಿರುಗಿಸಿ ಮೇಲಿನ ಹಿಡಿತಕ್ಕೆ ಕೊಟ್ಟು, ಕೆಳಗಿನ ದವಡೆಯನ್ನು ಬಳಸಿ ಬರುವ ಕಬ್ಬಿಣದ ಕೊಂಡಿಯೊಂದನ್ನು ಕೆಳಗಿನ ಹಿಡಿತಕ್ಕೆ ಕಟ್ಟಿದರೆ, ವಸ್ತುವನ್ನು ಹಿಡಿದಾಗ ಹೇಗೋ ಹಾಗೆಯೇ ಬಾಯಿ ತೆರೆದುಕೊಳ್ಳುತ್ತದೆ. 40 ಟನ್ನಿನ ಯಂತ್ರಕ್ಕೆ ನಮ್ಮ ಬಲ ಲೆಕ್ಕಕ್ಕೇ ಇಲ್ಲದಷ್ಟು ಚಿಕ್ಕದಾದ್ದರಿಂದ ಅತಿ ಸಣ್ಣ ವ್ಯಾಪ್ತಿಯಲ್ಲಿಟ್ಟು ನಡೆಸಿದೆವು. ಶುರು ಮಾಡುವ ಮೊದಲು ಇನ್‌ಸ್ಟ್ರಕ್ಟರ್ ಒಂದು ಉಪಾಯ ಹೇಳಿದರು: "ಎರಡೂ ಬದಿಗೆ ತೆಳ್ಳಗೆ ಸುಣ್ಣ ಹಚ್ರಪ್ಪ, ಎಲ್ಲಿ ಮೊದಲು ಬಿಡ್ತದೋ ಅದೇ ಹೇಳ್ತದೆ." ಪ್ಲೇಟಿನ ಚಪ್ಪಟೆ ಮೈಯಲ್ಲಿ ರೋಲಿಂಗ್‌ನಿಂದ ಬಂದ ಕಪ್ಪು ಪದರ ಇರುತ್ತದೆ, ಅದಕ್ಕೆ ಹಿಗ್ಗುವ ಗುಣವಿಲ್ಲ. ಕೆಳಗಿನ ಲೋಹ ಯೀಲ್ಡ್ ಆದ ಕೂಡಲೇ ಅದು ಬಿರಿದು ಉದುರುತ್ತದೆ, ಬಿಳಿ ಸುಣ್ಣದ ಮೇಲೆ ಅದು ಎದ್ದು ಕಾಣುತ್ತದೆ.

ಎಂಟು ಕಿಲೋನ್ಯೂಟನ್ ದಾಟುವವರೆಗೆ ಏನೂ ಕಾಣಲಿಲ್ಲ. ಒಂಬತ್ತರ ಹತ್ತಿರ ಕೆಳಗಿನ ಒಳಮೂಲೆಯಲ್ಲಿ, ತಿರುವು ಬೆನ್ನಿಗೆ ಸೇರುವ ಜಾಗದಲ್ಲೇ, ಅಂಚಿನಿಂದ ಒಳಕ್ಕೆ ಓರೆಯಾಗಿ ಕೂದಲೆಳೆಯಷ್ಟು ಸಣ್ಣ ಗೆರೆಗಳು ಮೂಡಿದವು. ಅಕ್ಕಿ ಕಾಳಿನಷ್ಟು ಸುಣ್ಣ ಉದುರಿ ಕೆಳಗಿನ ಹಾಸಿನ ಮೇಲೆ ಬಿತ್ತು. ಆ ಹೊತ್ತಿಗೂ ಯಂತ್ರದ ಬಲ–ಜಗ್ಗಿಕೆಯ ರೇಖೆ ನೇರವಾಗಿಯೇ ಇತ್ತು. ಅಷ್ಟು ಸಣ್ಣ ಜಾಗದ ಯೀಲ್ಡ್ ಇಡೀ ಚೌಕಟ್ಟಿನ ಜಗ್ಗಿಕೆಯಲ್ಲಿ ಗೊತ್ತಾಗುವುದಿಲ್ಲ. ರೇಖೆ ಬಾಗಿದ್ದು ಹನ್ನೊಂದೂವರೆಯ ಆಚೆಗೆ, ಬೆನ್ನಿನ ಸುಣ್ಣವೂ ಬಿರಿಯತೊಡಗಿದ ಮೇಲೆ. 14ರವರೆಗೆ ಎಳೆದು ಭಾರ ಇಳಿಸಿದಾಗ ಬಾಯಿ ಸುಮಾರು ಅರ್ಧ ಮಿ.ಮೀ. ತೆರೆದೇ ಉಳಿಯಿತು. ಶೆಡ್ಡಿನ ಗೋಡೆಯ ಮೇಲಿದ್ದ ಕ್ಲಾಂಪುಗಳಿಗೆ ಹೋಲಿಸಿದರೆ ಇದು ಏನೂ ಅಲ್ಲ. ಅವು ಎಷ್ಟು ಬಲ ಉಂಡಿರಬಹುದೆಂಬುದು ಇದರಿಂದ ಅಂದಾಜಾಯಿತು.

ಉಳಿದ ಚೌಕಟ್ಟಿಗೆ 8 ಮಿ.ಮೀ. ಹಿಡಿಕೆ ಹಾಕಿ, ಅದಕ್ಕೂ ಸುಣ್ಣ ಬಳಿದು, ಲೋಡ್ ಸೆಲ್ ಇಟ್ಟು, ಪೈಪಿನ ತುದಿಗೆ ಸ್ಪ್ರಿಂಗ್ ಬ್ಯಾಲೆನ್ಸ್ ಕಟ್ಟಿ ಎಳೆದೆವು. ಎಣ್ಣೆ ಹಾಕಿದ ಥ್ರೆಡ್‌ನಲ್ಲಿ ಹದಿನಾರೂವರೆ ನ್ಯೂಟನ್-ಮೀಟರ್‌ನ ಹೊತ್ತಿಗೆ ಹಿಡಿಕೆ ಸ್ಕ್ರೂವಿನ ತಲೆಯ ಪಕ್ಕದಲ್ಲೇ ಕಣ್ಣಿಗೆ ಕಾಣುವಷ್ಟು ಬಾಗಿತು. ಆಗ ಲೋಡ್ ಸೆಲ್ 7.5 ಕಿಲೋನ್ಯೂಟನ್ ತೋರಿಸುತ್ತಿತ್ತು, ಮೂಲೆಯ ಸುಣ್ಣ ಅಲುಗಿರಲಿಲ್ಲ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ ಪ್ರಶ್ನೆ ಗ್ರೀಸಿನದೇ: ಗ್ರೀಸ್ ಹಚ್ಚಿದ್ದರೆ ಅದೇ ಹಿಡಿಕೆ ಬಾಗುವಾಗ ಬಲ ಎಷ್ಟಿರುತ್ತಿತ್ತು? ಸುಮಾರು ಒಂಬತ್ತು, ಅಂದರೆ ಸುಣ್ಣ ಬಿರಿಯಲು ತೊಡಗಿದ ಬಲವೇ ಎಂದು ಹೇಳಿದೆವು. ಹಾಗಾದರೆ ಹಿಡಿಕೆಯನ್ನು ಇನ್ನೂ ಸಣ್ಣದು ಮಾಡಬಾರದೇಕೆ ಎಂದರು. 7 ಮಿ.ಮೀ. ಸರಳು 8.4 ನ್ಯೂಟನ್-ಮೀಟರ್‌ಗೇ ಬಾಗತೊಡಗುತ್ತದೆ, 5 ಕಿಲೋನ್ಯೂಟನ್ ಬರುವ ಮೊದಲೇ ಕ್ಲಾಂಪ್ ಕೈಕೊಡುತ್ತದೆ. ಆದ್ದರಿಂದ 8 ಮಿ.ಮೀ. ಹಿಡಿಕೆಯನ್ನೇ ಉಳಿಸಿಕೊಂಡು, ಚೌಕಟ್ಟಿನ ಬೆನ್ನ ಮೇಲೆ ಹಳದಿ ಬಣ್ಣದಲ್ಲಿ "5 ಕಿಲೋನ್ಯೂಟನ್ – ಎಣ್ಣೆ ಮಾತ್ರ" ಎಂದು ಬರೆದು, ಕ್ಲಾಂಪನ್ನು ವರ್ಕ್‌ಶಾಪಿನ ಟೂಲ್ ಕ್ರಿಬ್‌ಗೆ ಕೊಟ್ಟೆವು.